ನೂರೆಂಟು ಕುದುರೆ, ಎಪ್ಪತ್ತಾರು ಕುದುರೆ

ಮೈದುನ ಹೈದರಾಬಾದಿನಿಂದ ತಂದ ಹಾಳೆಯನ್ನು ಊಟದ ಮೇಜಿನ ಮೇಲೆ ಹರವಿ, ಹಾರದಂತೆ ಉಪ್ಪಿನಕಾಯಿ ಜಾಡಿ ಇಟ್ಟ. ಆದರೂ ಫ್ಯಾನಿನ ಗಾಳಿಗೆ ಒಂದು ಮೂಲೆ ಏಳುತ್ತಾ ಬೀಳುತ್ತಾ ಇತ್ತು. ಆ ಮೂಲೆಯಲ್ಲೇ ಸಣ್ಣಕ್ಷರದಲ್ಲಿ ಏನೋ ಬರೆದಿತ್ತು. ಆ ದಿನ ಅದನ್ನು ಯಾರೂ ಓದಲಿಲ್ಲ, ನಾನೂ ಓದಲಿಲ್ಲ. ಎಲ್ಲರ ಕಣ್ಣು ನಡುವಿನ ದಪ್ಪ ಅಂಕಿಯ ಮೇಲಿತ್ತು. ಎಪ್ಪತ್ತಾರು.

ನಮ್ಮ ಡೀಸೆಲ್ ಕಾರಿಗೆ ಕಂಪನಿಯವರು ಹೇಳಿದ್ದು ನೂರೆಂಟು ಕುದುರೆ ಶಕ್ತಿ. ಕೊಂಡಾಗ ಕೊಟ್ಟ ಬಣ್ಣದ ಪುಸ್ತಕದಲ್ಲಿ ಹಾಗೇ ಇದೆ. ಮೈದುನನಿಗೆ ಅದೂ ಸಾಲದೆನ್ನಿಸಿ, ಎಂಜಿನ್ನಿನ ಕಂಪ್ಯೂಟರನ್ನು ತಿದ್ದಿ ಬಲ ಹೆಚ್ಚಿಸಿಕೊಡುವ ಅಂಗಡಿಯೊಂದಕ್ಕೆ ಕಾರನ್ನು ಒಯ್ದಿದ್ದ. ಅವರು ಮೊದಲು ಈಗಿರುವ ಬಲವನ್ನು ಅಳೆಯುತ್ತಾರಂತೆ. ನೆಲದಲ್ಲಿ ಹೂತಿಟ್ಟ ದಪ್ಪ ಉಕ್ಕಿನ ಉರುಳೆಗಳ ಮೇಲೆ ಮುಂದಿನ ಚಕ್ರಗಳನ್ನು ನಿಲ್ಲಿಸಿ, ಕಾರನ್ನು ಪಟ್ಟಿಗಳಿಂದ ಬಿಗಿದು, ನಿಂತಲ್ಲೇ ಪೂರ್ತಿ ವೇಗಕ್ಕೆ ಓಡಿಸುವುದು. ಉರುಳೆಗಳನ್ನು ಚಕ್ರ ಎಷ್ಟು ಬಲದಿಂದ ತಿರುಗಿಸಿತು ಎಂದು ಯಂತ್ರ ಗೆರೆ ಎಳೆದು ತೋರಿಸುತ್ತದೆ. ಅದಕ್ಕೆ ಡೈನೋ ಎನ್ನುತ್ತಾರೆ. ಅಂಕಿ ನೋಡಿ ಅಂಗಡಿಯವರು, ಒಂದೋ ಎಂಜಿನ್ನಿಗೆ ಗಾಳಿ ಒತ್ತಿ ತುಂಬುವ ಟರ್ಬೋ ಡೂಪ್ಲಿಕೇಟ್ ಇರಬೇಕು, ಇಲ್ಲವೇ ಗಾಳಿ ಎಲ್ಲೋ ಕಟ್ಟಿಕೊಂಡಿರಬೇಕು, ಬಿಚ್ಚಿ ನೋಡಿದರೆ ಗೊತ್ತಾಗುತ್ತದೆ ಎಂದರಂತೆ. ಮೈದುನ ಆ ಮಾತಿನ ಮೊದಲ ಅರ್ಧವನ್ನಷ್ಟೇ ನಮ್ಮೂರು ಆದೋನಿಗೆ ತಂದಿದ್ದ: ಅಸಲಿ ಟರ್ಬೋ ಕದ್ದು ಡೂಪ್ಲಿಕೇಟ್ ಹಾಕಿದ್ದಾರೆ ಎಂದು.

"ಮೂವತ್ತೆರಡು ಕುದುರಿ ಎಲ್ಲಿಗೆ ಹೋದ್ವು ಅತ್ತಿಗಿ? ಮೇಸ್ತ್ರಿ ಹಿತ್ತಲದಾಗ ಮೇಯಾಕತ್ಯಾವೇನೋ ನೋಡ್ಬೇಕು," ಅಂದ.

ಮೇಸ್ತ್ರಿ ಎಂದರೆ ಹತ್ತಿಯಿಂದ ಕಾಳು ಬೇರ್ಪಡಿಸುವ ಜಿನ್ನಿಂಗ್ ಮಿಲ್ಲುಗಳ ರಸ್ತೆಯಲ್ಲಿ ತಗಡಿನ ಶೆಡ್ಡು ಹಾಕಿಕೊಂಡಿರುವ, ಅರವತ್ತರ ಹತ್ತಿರದ ಮನುಷ್ಯ. ಹನ್ನೆರಡು ವರ್ಷದಿಂದ ನಮ್ಮ ಮನೆಯ ಗಾಡಿಗಳು ಅವರ ಕೈಯಲ್ಲೇ. ನಮ್ಮವಷ್ಟೇ ಅಲ್ಲ, ಮಾರ್ಕೆಟ್ ಯಾರ್ಡಿನ ಅರ್ಧ ಹತ್ತಿ ವ್ಯಾಪಾರಿಗಳ ಗಾಡಿಗಳೂ ಅಲ್ಲಿಗೇ ಹೋಗುತ್ತವೆ. ಬೀಗದ ಕೈ ಕೊಟ್ಟು ಬರುವುದು, ಸಂಜೆ ತರುವುದು. ಒಳಗೆ ಏನು ಬಿಚ್ಚಿದರು, ಏನು ಹಾಕಿದರು ಎಂದು ಯಾರೂ ನಿಂತು ನೋಡುವುದಿಲ್ಲ.

ಆಗ ನಾನು ಬಾಯಿ ತೆರೆದೆ. ಸಣ್ಣಪುಟ್ಟದ್ದು ನನ್ನ ಕಣ್ಣಿಗೆ ಬೇಗ ಬೀಳುತ್ತದೆ. ಶಿವರಾತ್ರಿ ಮುಂದೆ ಸರ್ವಿಸಿಗೆ ಬಿಟ್ಟು ತಂದ ಮೇಲೆ ವೈಪರಿಗೆ ನೀರು ಹಾಕಲೆಂದು ಬಾನೆಟ್ ಎತ್ತಿದ್ದೆ. ಎಂಜಿನ್ ಪಕ್ಕದ ಕರಿ ಡಬ್ಬಿಯೊಂದರ ಎರಡು ಕ್ಲಿಪ್ಪುಗಳು ಬಣ್ಣ ಹೋಗಿ ಬೆಳ್ಳಗೆ ಹೊಳೆಯುತ್ತಿದ್ದವು. ಮಿಕ್ಕದ್ದೆಲ್ಲ ಧೂಳು, ಅವೆರಡು ಮಾತ್ರ ಪದೇ ಪದೇ ತೆಗೆದು ಹಾಕಿದ ಹಾಗೆ. ಅದನ್ನು ಹೇಳಿದೆ. ನಮ್ಮ ಮನೆಯವರು ಕೈಯಲ್ಲಿದ್ದ ರೊಟ್ಟಿಯನ್ನು ತಟ್ಟೆಗಿಟ್ಟರು.

"ಇದನ್ನ ಈಗ ಹೇಳ್ತಿಯೇನು?" ಅಂದರು.

ಮಾರನೆಯ ದಿನದಿಂದ ನಮ್ಮ ಮೂರೂ ಗಾಡಿಗಳು ಶೆಡ್ಡಿಗೆ ಹೋಗುವುದು ನಿಂತಿತು. ಮೈದುನ ಯಾರ್ಡಿನಲ್ಲಿ ಹರಾಜಿಗೆ ನಿಂತವರಿಗೆಲ್ಲ ಹಾಳೆ ತೋರಿಸಿದ, ಹೊಳೆಯುವ ಕ್ಲಿಪ್ಪಿನ ಕತೆಯನ್ನೂ ಹೇಳಿದ. ಅಮಾವಾಸ್ಯೆಗೆ ಯಾರ್ಡಿಗೆ ರಜೆ. ಅಂದು ಮೇಸ್ತ್ರಿಯನ್ನು ವ್ಯಾಪಾರಿ ಹಿರಿಯರ ಮುಂದೆ ಕೂಡಿಸಿ ಕೇಳುವುದೆಂದು ತೀರ್ಮಾನವಾಯಿತು. ಹಾಗೆ ಕೂಡಿಸಿದ ಮೇಲೆ ಕಳವು ಮಾಡಿದ್ದು ನಿಜವೋ ಸುಳ್ಳೋ, ಆ ಶೆಡ್ಡಿಗೆ ಮತ್ತೆ ಯಾರೂ ಗಾಡಿ ಬಿಡುವುದಿಲ್ಲ. ಈ ಊರಿನ ರೀತಿ ನನಗೆ ಗೊತ್ತು.

ನಾಲ್ಕನೇ ದಿನ ತರಕಾರಿ ಮಾರ್ಕೆಟ್ಟಿನಲ್ಲಿ ಮೇಸ್ತ್ರಿ ಎದುರಾದರು. ಹೆಲ್ಮೆಟ್ಟನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದರು.

"ಅಮ್ಮಾ, ನನ್ ಕಡಿಂದ ಏನರ ತಪ್ಪಾತೇನ್ರಿ?"

ಏನಿಲ್ಲ ಅಂದು ನಾನು ಬದನೆಕಾಯಿಯ ಕಡೆ ತಿರುಗಿದೆ. ಅವರು ಹೆಲ್ಮೆಟ್ ಹಾಕಿಕೊಂಡು ಹೋದರು. ತಪ್ಪಿತಸ್ಥರು ಹೀಗೆ ನಿಂತು ಕೇಳುತ್ತಾರೆಯೇ ಎಂದು ಒಂದು ಮನಸ್ಸು. ಕೇಳುವುದೂ ಒಂದು ಆಟವಿರಬಹುದೆಂದು ಇನ್ನೊಂದು. ಸಾಕ್ಷಿ ಹೇಳಿದವಳು ನಾನು. ನೋಡಿದ್ದು ನಿಜ, ಆದರೆ ನೋಡಿದ್ದಕ್ಕೆ ಅರ್ಥ ಏನೆಂದು ನನಗೆ ಗೊತ್ತಿರಲಿಲ್ಲ. ಅಮಾವಾಸ್ಯೆಗೆ ಇನ್ನೂ ಹದಿನೆಂಟು ದಿನ ಇತ್ತು.

ಮಧ್ಯಾಹ್ನದ ಪಾತ್ರೆ ತೊಳೆದಿಟ್ಟ ಮೇಲೆ ಸಿಗುವ ಎರಡು ಗಂಟೆಯಲ್ಲಿ ನಾನು ಆ ಹಾಳೆಯನ್ನು ಹಿಡಿದು ಕೂರತೊಡಗಿದೆ. ಕಾನ್ವೆಂಟಿನಲ್ಲಿ ನಮಗೆ ಫಿಸಿಕ್ಸ್ ಹೇಳುತ್ತಿದ್ದ ಸಿಸ್ಟರ್, ಉತ್ತರ ಸರಿಯಿದ್ದರೂ ಅಂಕಿಯ ಪಕ್ಕ ಅದರ ಮಾನ ಬರೆಯದಿದ್ದರೆ ಅಡ್ಡ ಗೆರೆ ಎಳೆಯುತ್ತಿದ್ದರು. ಎಪ್ಪತ್ತಾರು ಏನು? ಕಿಲೋವೇ, ಗಜವೇ? ಹಾಗಾಗಿ ಮೊದಲು ಆ ಸಣ್ಣಕ್ಷರಗಳನ್ನು ಓದಿದೆ. ಎಪ್ಪತ್ತಾರರ ಪಕ್ಕ ಇಂಗ್ಲಿಷಿನಲ್ಲಿ ಚಕ್ರದ ಬಲ ಎಂಬುದರ ಮೊದಲಕ್ಷರಗಳಿದ್ದವು. ಮೂಲೆಯಲ್ಲಿ ಒಳಗೆ ಹೋದ ಗಾಳಿಯ ಬಿಸಿ ನಲವತ್ತಮೂರು ಡಿಗ್ರಿ ಎಂದೂ, ಅದರ ಕೆಳಗೆ ಗಾಳಿಯ ತಿದ್ದುಪಡಿ ಹಾಕಿಲ್ಲ ಎಂದೂ ಇತ್ತು. ಕಂಪನಿಯ ಪುಸ್ತಕದಲ್ಲಿ ನೂರೆಂಟರ ಪಕ್ಕ ಪಿ.ಎಸ್., ಎಂದರೆ ಯುರೋಪಿನ ಲೆಕ್ಕದ ಕುದುರೆ, ಎಂದಿತ್ತು. ಎರಡೂ ಕುದುರೆಗಳು ಒಂದೇ ಜಾತಿಯವಲ್ಲ ಎಂದು ಅನುಮಾನ ಬಂತು.

ಅದೇ ದಿನ ಕಾರಿನ ಆರ್‌ಸಿ ಕಾರ್ಡು ತೆಗೆದು ನೋಡಿದೆ. ಅದರಲ್ಲಿ ಕುದುರೆ ಶಕ್ತಿಯ ಸಾಲಿನಲ್ಲಿ ಎಪ್ಪತ್ತೊಂಬತ್ತು ಚಿಲ್ಲರೆ ಎಂದಿತ್ತು! ಸರ್ಕಾರದ ಕಾರ್ಡೇ ಎಪ್ಪತ್ತೊಂಬತ್ತು ಅಂದರೆ, ಎಪ್ಪತ್ತಾರು ಬಂದದ್ದರಲ್ಲಿ ತಪ್ಪೇನು? ಸುಳ್ಳು ಹೇಳಿದ್ದು ಕಂಪನಿ, ಮೇಸ್ತ್ರಿಯಲ್ಲ. ಮನೆಯವರಿಗೆ ಅವರ ಹತ್ತಿ ಅಂಗಡಿಗೇ ಫೋನು ಮಾಡಿ ಹೇಳಿಬಿಟ್ಟೆ. ಸಂಜೆ ಕಾಫಿ ಸೋಸುವಾಗ ಹೊಳೆಯಿತು: ಆ ಸಾಲಿನ ತಲೆಯಲ್ಲಿ ಕುದುರೆ ಶಕ್ತಿ, ಒಂದು ಅಡ್ಡ ಗೆರೆ, ಆಮೇಲೆ ಕಿಲೋವ್ಯಾಟ್ ಎಂದಿತ್ತು. ಗುಣಿಸಿ ನೋಡಿದೆ. ಎಪ್ಪತ್ತೊಂಬತ್ತು ಚಿಲ್ಲರೆ ಕಿಲೋವ್ಯಾಟ್ ಎಂದರೆ ಸರಿಯಾಗಿ ಆ ನೂರೆಂಟೇ. ಸಿಸ್ಟರ್ ಇದ್ದಿದ್ದರೆ ಅಡ್ಡ ಗೆರೆ ನನಗೇ ಎಳೆಯುತ್ತಿದ್ದರು. ಮನೆಯವರಿಗೆ ತಿದ್ದಿ ಹೇಳಬೇಕಾಯಿತು. ಅವರು ನಗಲಿಲ್ಲ, ಆದರೆ ಮೈದುನ ಎರಡು ದಿನ ನನ್ನನ್ನು ಆರ್‌ಟಿಓ ಇನ್‌ಸ್ಪೆಕ್ಟರರನ್ನು ಕರೆಯುವ ಹಾಗೆ "ಎಂವಿಐ ಮೇಡಂ" ಎಂದು ಕರೆದ.

ಕಾರಿನ ಶೋರೂಮಿಗೆ ಫೋನು ಮಾಡಿದೆ. ಕಂಪನಿಯ ಅಂಕಿ ಕಂಪನಿಯ ಅಂಕಿಯೇ ಮೇಡಂ ಎಂದರು. ಬರೆದು ಕೇಳಿದ್ದಕ್ಕೆ, ಪತ್ರ ಬರೆದದ್ದಕ್ಕೆ ಧನ್ಯವಾದ ಎಂದು ಉತ್ತರ ಬಂತು. ಇಷ್ಟು ಸಿಹಿಯಾಗಿ ಏನೂ ಹೇಳದವರನ್ನು ನಾನು ನಂಬುವುದಿಲ್ಲ. ನಡುವೆ ಪೆಟ್ರೋಲ್ ಬಂಕಿನ ಮೇಲೂ ಅನುಮಾನ ಹೋಯಿತು. ಡೀಸೆಲ್ಲನ್ನು ಗಾಜಿನ ಬಾಟಲಿಯಲ್ಲಿ ಒಂದು ದಿನವಿಡೀ ಇಟ್ಟು ನೋಡಿದೆ. ನೀರೂ ಇಳಿಯಲಿಲ್ಲ, ಗಸಿಯೂ ಇಳಿಯಲಿಲ್ಲ.

ಕೊನೆಗೆ ಹಾಳೆಯ ಮೇಲಿದ್ದ ನಂಬರಿಗೇ ಫೋನು ಮಾಡಿದೆ. ಡೈನೋ ಓಡಿಸಿದ ಎಂಜಿನಿಯರು ಮಾತಿಗೆ ಸಿಕ್ಕರು. ಚಿಕ್ಕ ದನಿ, ತೆಲುಗು, ಮಾತಿಗೊಮ್ಮೆ ಮೇಡಂ ಗಾರೂ. ಕಂಪನಿಯವರು ಎಂಜಿನ್ನೊಂದನ್ನೇ ಸ್ಟ್ಯಾಂಡಿನ ಮೇಲಿಟ್ಟು, ಹದವಾದ ಗಾಳಿಯ ಲೆಕ್ಕಕ್ಕೆ ತಂದು ಅಳೆಯುತ್ತಾರೆ. ನಾವು ಚಕ್ರದಲ್ಲಿ ಅಳೆಯುತ್ತೇವೆ. ನಡುವೆ ಗೇರು, ಅಚ್ಚು, ಟೈರು ತಿನ್ನುವುದು ನೂರಕ್ಕೆ ಹದಿನೈದರ ಆಜುಬಾಜು ಎಂದರು. ನನಗೆ ಅವರ ಮೇಲೂ ಅನುಮಾನ ಇತ್ತು. ಮೊದಲ ಅಂಕಿ ಎಷ್ಟು ಕಡಿಮೆ ತೋರಿಸಿದರೆ ಆಮೇಲೆ ಹೆಚ್ಚಿಸಿಕೊಟ್ಟದ್ದು ಅಷ್ಟು ದೊಡ್ಡದಾಗಿ ಕಾಣುತ್ತದಲ್ಲ. ಅದಕ್ಕೇ ಕೇಳಿದೆ, ಇವತ್ತೇ ಶೋರೂಮಿನಿಂದ ಬಂದ ಹೊಸ ಕಾರನ್ನು ನಿಲ್ಲಿಸಿದರೆ ನಿಮ್ಮ ಯಂತ್ರ ನೂರೆಂಟು ತೋರಿಸುತ್ತದೆಯೇ ಎಂದು. ಅವರು ನಕ್ಕುಬಿಟ್ಟರು. ಇಲ್ಲಿಯವರೆಗೆ ಯಾವ ಕಾರೂ ಪುಸ್ತಕದ ಅಂಕಿ ತೋರಿಸಿಲ್ಲ ಎಂದರು. ವ್ಯಾಪಾರಕ್ಕೆ ಕೂತವರು ಇದನ್ನು ತಾವಾಗಿ ಹೇಳುವುದಿಲ್ಲ, ಕೇಳಿದರೆ ಸುಳ್ಳೂ ಹೇಳುವುದಿಲ್ಲ.

ಆ ರಾತ್ರಿ ಊಟಕ್ಕೆ ಬಡಿಸುತ್ತಾ ಮೈದುನನನ್ನು ಕೇಳಿದೆ, ಒಂದು ಕ್ವಿಂಟಲ್ ಹತ್ತಿ ಜಿನ್ನಿಗೆ ಹಾಕಿದರೆ ಅರಳೆ ಎಷ್ಟು ಬರುತ್ತದೆ ಎಂದು. ಮೂರನೇ ಒಂದು ಪಾಲು, ಸ್ವಲ್ಪ ಹೆಚ್ಚು ಅಂದ.

"ಮತ್ತ ಮಿಕ್ಕದ್ದನ್ನ ಜಿನ್ನಿನವ್ರು ಕದ್ರೇನು?"

"ಅದ್ಹೆಂಗ? ಕಾಳು ಹೋಗ್ತೈತಿ, ಕಸ ಹೋಗ್ತೈತಿ."

"ಹಂಗಾರ ಕಂಪನಿಯವ್ರು ತೂಗಿದ್ದು ಕಾಳು ಸಮೇತ. ನೀ ಹೈದರಾಬಾದಿನಾಗ ತೂಗಿಸಿದ್ದು ಅರಳಿ."

ಹುಟ್ಟಿದಾಗಿನಿಂದ ಹತ್ತಿ ತೂಗಿದ ಮನೆ ನಮ್ಮದು. ಅವನಿಗೆ ತಕ್ಷಣ ತಿಳಿಯಿತು, ತಿಳಿದದ್ದನ್ನು ತೋರಿಸಿಕೊಳ್ಳಲಿಲ್ಲ. ಎಲ್ಲಾ ಲೆಕ್ಕ ಹಾಕಿ ಹೇಳು ಅತ್ತಿಗಿ, ಮೂವತ್ತೆರಡೂ ಕೂಡಬೇಕು ಎಂದ.

ಕೂಡಲಿಲ್ಲ. ಪಿ.ಎಸ್.ಗೂ ಆ ಯಂತ್ರದ ಕುದುರೆಗೂ ಇರುವ ವ್ಯತ್ಯಾಸ ಒಂದೂವರೆ. ಗೇರು, ಟೈರಿಗೆ ಹದಿನಾರು. ಬಿಸಿ ಗಾಳಿಗೆ, ಗಾಳಿ ಕಡಿಮೆಯಿದ್ದ ಟೈರುಗಳಿಗೆ ಎಂದು ಎಂಜಿನಿಯರು ಉದಾರವಾಗಿ ಮೂರೂವರೆ ಬಿಟ್ಟುಕೊಟ್ಟರು. ಒಟ್ಟು ಇಪ್ಪತ್ತೊಂದು. ಇನ್ನೂ ಹನ್ನೊಂದು ಕುದುರೆ ಉಳಿದವು. ಮತ್ತೆ ಫೋನು ಮಾಡಿದೆ. ಅವರು ಗೆರೆಯ ಆಕಾರ ನೋಡಿ ಎಂದರು. ಕೆಳಗಿನ ವೇಗದಲ್ಲಿ ಗೆರೆ ಚೆನ್ನಾಗಿ ಏರಿತ್ತು, ಮೇಲಕ್ಕೆ ಹೋದ ಹಾಗೆ ಬಾಗಿ ಸೋತಿತ್ತು. ಟರ್ಬೋ ಡೂಪ್ಲಿಕೇಟ್ ಆಗಿದ್ದರೆ ಕೆಳಗಿನಿಂದಲೇ ತಡವಾಗಿ ಏರುತ್ತಿತ್ತು. ಇದು ಓಡುವಾಗ ಉಸಿರು ಸಾಲದ ಗೆರೆ, ಗಾಳಿ ಹೋಗುವ ದಾರಿ ನೋಡಿಸಿ ಎಂದರು. ಗಾಳಿ ಹೋಗುವ ದಾರಿ ಯಾವುದೆಂದು ಕೇಳಿದೆ. ಎಂಜಿನ್ ಪಕ್ಕದ ಕರಿ ಡಬ್ಬಿ ಮೇಡಂ ಗಾರೂ, ಎರಡು ಕ್ಲಿಪ್ ಇರುತ್ತವೆ ಎಂದರು.

ಹಾಗಾದರೆ ನಾನು ನೋಡಿದ್ದು ಸರಿಯೇ. ಹನ್ನೊಂದು ಕುದುರೆ ಕಳೆದದ್ದು ಆ ಡಬ್ಬಿಯಲ್ಲೇ, ಆ ಡಬ್ಬಿಯನ್ನು ತೆಗೆದು ಹಾಕುತ್ತಿದ್ದದ್ದು ಮೇಸ್ತ್ರಿಯೇ.

ಮಾರನೆಯ ಬೆಳಿಗ್ಗೆ ಯಾರಿಗೂ ಹೇಳದೆ ಕಾರನ್ನು ಶೆಡ್ಡಿಗೆ ಒಯ್ದೆ. ನನ್ನ ಕಾರು ಕಂಡು ಮೇಸ್ತ್ರಿ ಎದ್ದು ನಿಂತರು. ಕುರ್ಚಿ ಒರೆಸಿ ಹಾಕಿ, ಎಂದಿನ ಹಾಗೆ ಮೂಲೆಯ ಮಣ್ಣಿನ ಮಡಕೆಯಿಂದ ನೀರು ತೆಗೆಯಲು ಹೋದರು. ಆ ಮಡಕೆಯ ನೀರನ್ನು ಎಂದೂ ಕುಡಿಯದ ನಾನು ಎಂದಿನ ಹಾಗೆ ನನ್ನ ಬಾಟಲಿ ತೋರಿಸಿದೆ. ಹಾಳೆ ಬಿಚ್ಚಿ ಅಂಕಿ ತೋರಿಸಿ, ಯಾರ್ಡಿನಲ್ಲಿ ಏನು ಮಾತಾಗಿದೆ ಎಂಬುದನ್ನೂ ಹೇಳಿ, ಆ ಡಬ್ಬಿ ತೆಗೆಯಿರಿ ಎಂದೆ. ಅವರ ಮುಖ ಸಣ್ಣದಾಯಿತು. ಕೆಲಸದವರಿಬ್ಬರಿಗೂ ಚಹಾ ಕುಡಿದು ಬನ್ನಿ ಎಂದು ಹೇಳಿ ಕಳಿಸಿದರು. ಅವರು ಹೋದ ಮೇಲೂ ಬಾನೆಟ್ಟಿಗೆ ಕೈ ಹಾಕಲಿಲ್ಲ.

"ಇದು ಬ್ಯಾಡ್ರಿ ಅಮ್ಮಾ. ಗಾಡಿ ಬಿಟ್ಟು ಹೋಗ್ರಿ, ನಾ ನೋಡ್ತೀನಿ."

ನನ್ನ ಅನುಮಾನಕ್ಕೆ ಇನ್ನೇನು ಬೇಕು? ನಾನೇ ಬಾನೆಟ್ ಎತ್ತಿ ಎರಡೂ ಕ್ಲಿಪ್ ಎಳೆದೆ. ಅವು ಬೆಣ್ಣೆಯ ಹಾಗೆ ಬಿಟ್ಟುಕೊಂಡವು. ಒಳಗೆ ಕಾಗದದ ಫಿಲ್ಟರ್. ಅದರ ಮೇಲೆ ಸುಕ್ಕಿಲ್ಲದಂತೆ ಹಾಸಿದ ಬಿಳಿ ಮಲ್‌ಮಲ್ ಬಟ್ಟೆ, ಎರಡು ಪದರ. ಅಂಚಿನುದ್ದಕ್ಕೂ ನೀಲಿ ದಾರದ ಹೊಲಿಗೆ. ಕಾನ್ವೆಂಟಿನಲ್ಲಿ ಕಲಿತ ಆ ಹೊಲಿಗೆಯನ್ನು ನಾನು ಎಲ್ಲಿ ಕಂಡರೂ ಗುರುತಿಸುತ್ತೇನೆ, ಏಕೆಂದರೆ ಅದು ನನ್ನದು.

ಹತ್ತಿಯ ಕಾಲದಲ್ಲಿ ಈ ಊರಿನ ಗಾಳಿಯಲ್ಲೆಲ್ಲ ಎಳೆ ಹಾರುತ್ತದೆ. ಮನೆಯವರ ಹುಬ್ಬಿನ ಮೇಲೆ, ಹಾಲಿನ ಕೆನೆಯ ಮೇಲೆ, ದೇವರ ದೀಪದ ಎಣ್ಣೆಯಲ್ಲಿ ಸಹ. ನಾನು ಮಿಕ್ಸಿಗೆ, ನೀರಿನ ಕೊಡಕ್ಕೆ, ಹೊಲಿಗೆ ಯಂತ್ರಕ್ಕೆ, ಎಲ್ಲಕ್ಕೂ ಮುಸುಕು ಹೊಲಿಯುತ್ತೇನೆ. ನಮ್ಮ ಬೀದಿಯ ಹೆಂಗಸರೆಲ್ಲ ಹೊಲಿಯುತ್ತಾರೆ. ಎರಡು ವರ್ಷದ ಹಿಂದೆ ಕಾರಿನ ಫಿಲ್ಟರಿನಲ್ಲಿ ಎಳೆ ತುಂಬಿದೆ ಎಂದು ಮೇಸ್ತ್ರಿ ಹೇಳಿದಾಗ, ಇದನ್ನು ಹೊಲಿದು ಕೊಟ್ಟು, ಗಾಳಿ ಹೋಗುವ ಕಡೆ ಹಾಕಿಬಿಡಿ ಎಂದಿದ್ದೆ. ಅವರು ನಕ್ಕು ಇಸಿದುಕೊಂಡಿದ್ದರು. ಕಾಲ ಮುಗಿದ ಮೇಲೆ ತೆಗೆದು ಬಿಸಾಡಿರುತ್ತಾರೆ ಎಂದುಕೊಂಡು ನಾನು ಮರೆತೇ ಬಿಟ್ಟಿದ್ದೆ.

"ಯಾಕ್ರಿ ತಗೀಲಿಲ್ಲ?"

"ತಗೀ ಅಂತ ನೀವು ಹೇಳ್ಲಿಲ್ಲಲ್ರಿ. ಅಮ್ಮಾವ್ರು ಕೈಯಾರ ಹೊಲದು ಕೊಟ್ಟಾರ, ನಾ ಹೆಂಗ ಬಿಸಾಕ್ಲಿ? ತಿಂಗ್ಳಿಗೊಮ್ಮಿ ತಗದು, ಒಗದು, ಒಣಗಿಸಿ ಹಾಕ್ತೀನಿ."

ತಿಂಗಳಿಗೊಮ್ಮೆ. ಕ್ಲಿಪ್ಪು ಹೊಳೆಯುತ್ತಿದ್ದದ್ದು ಅದಕ್ಕೆ. ನಮ್ಮವರು ಸೊಸೈಟಿ ಕೆಲಸಕ್ಕೆ, ಮೈದುನ ಎಣ್ಣೆ ನೋಡಿಸಲಿಕ್ಕೆ ಎಂದು ಗಾಡಿ ಆ ಕಡೆ ಹೋದಾಗಲೆಲ್ಲ ಅವರು ನನ್ನ ಬಟ್ಟೆ ಒಗೆದಿದ್ದಾರೆ. ಬಲ ಕಡಿಮೆಯಾಗುವುದು ಗೊತ್ತಿರಲಿಲ್ಲವೇ ಎಂದು ಕೇಳಿದೆ. ನೀವು ಉರುಕುಂದಕ್ಕೆ, ನಂದವರಕ್ಕೆ ಹೋಗುವಾಗ ಅರವತ್ತು ದಾಟಿಸುವವರಲ್ಲ, ಅಷ್ಟರೊಳಗೆ ಇದರಿಂದ ಏನೂ ಆಗುವುದಿಲ್ಲ, ಎಳೆಗೆ ಒಳ್ಳೆಯದೇ. ಇದನ್ನು ಉರುಳೆ ಹತ್ತಿಸಿ ಕುದುರೆ ಎಣಿಸುತ್ತಾರೆಂದು ಯಾರಿಗೆ ಗೊತ್ತಿತ್ತು ಎಂದರು. ಆಮೇಲೆ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ ನನ್ನ ಕೈಗಿಟ್ಟರು.

"ಮನಿಯಾಗ ಹೇಳಬ್ಯಾಡ್ರಿ. ಫಿಲ್ಟರ್ ಜಾಮ್ ಆಗಿತ್ತು, ನಾ ನೋಡಿದ್ದಿಲ್ಲ ಅಂತ ನಾನೇ ಹೇಳ್ತೀನಿ. ಬಸ್, ಮುಗೀತು."

ಮಡಿಚಿದ ಬಟ್ಟೆಯನ್ನು ಪರ್ಸಿನಲ್ಲಿಟ್ಟುಕೊಂಡು ಮನೆಗೆ ಬಂದೆ. ಒಂದು ದಿನ ಪೂರ್ತಿ ಸುಮ್ಮನಿದ್ದೆ, ಅದನ್ನು ಇಲ್ಲಿ ಮುಚ್ಚಿಡುವುದಿಲ್ಲ. ಸುಮ್ಮನಿರುವುದು ಬಹಳ ಸುಲಭವಿತ್ತು. ಬಟ್ಟೆ ಹೊರಗೆ ಬಂದಿದೆ, ಇನ್ನು ಅಳೆಸಿದರೆ ಅಂಕಿ ಏರುತ್ತದೆ. ಆದರೆ ಏರಿದ ಅಂಕಿಯನ್ನು ಕಂಡು ಯಾರ್ಡಿನವರು ಏನೆನ್ನುತ್ತಾರೆ? ಸಿಕ್ಕಿಬಿದ್ದ ಮೇಲೆ ಮೇಸ್ತ್ರಿ ಅಸಲಿ ಸಾಮಾನು ತಂದು ಹಾಕಿದ ಎನ್ನುತ್ತಾರೆ. ಒಳ್ಳೆಯ ಅಂಕಿಯೇ ಅವರ ಮೇಲೆ ಎರಡನೇ ಸಾಕ್ಷಿಯಾಗುತ್ತದೆ. ಅವರನ್ನು ಉಳಿಸಬೇಕಾದರೆ ಕೆಟ್ಟ ಅಂಕಿ ಮತ್ತೊಮ್ಮೆ ಬರಬೇಕು, ಮೈದುನನ ಕಣ್ಣೆದುರೇ ಬರಬೇಕು, ಯಾಕೆ ಬಂತೆಂದು ನಾನೇ ಹೇಳಬೇಕು.

ಬಟ್ಟೆಯನ್ನು ನಾನೇ ವಾಪಸು ಹಾಸಿ ಕ್ಲಿಪ್ ಹಾಕಿದೆ. ಅಮಾವಾಸ್ಯೆಗೆ ಮೂರು ದಿನ ಇರುವಾಗ ಮೈದುನನನ್ನು ನನ್ನ ಜೊತೆ ಹೈದರಾಬಾದಿಗೆ ಹೊರಡಿಸಿದೆ. ಟರ್ಬೋ ಬಿಚ್ಚಿಸಿ ನೋಡೋಣ ಎಂದಷ್ಟೇ ಹೇಳಿದ್ದೆ. ದಾರಿಯುದ್ದಕ್ಕೂ ಅವನು ಮೇಸ್ತ್ರಿಯನ್ನು ಹಿರಿಯರ ಮುಂದೆ ಏನೇನು ಕೇಳಬೇಕೆಂದು ಹೇಳುತ್ತಾ ಬಂದ. ನಾನು ಕಿಟಕಿಯಾಚೆ ನೋಡುತ್ತಿದ್ದೆ.

ಅಂಗಡಿಯಲ್ಲಿ ಕಾರನ್ನು ಪಟ್ಟಿಗಳಿಂದ ಬಿಗಿದರು. ಮುಂದೆ ದೊಡ್ಡ ಫ್ಯಾನು ಇಟ್ಟರು. ಟೈರಿನ ಗಾಳಿ ಸರಿ ಮಾಡಿಸಿದೆ, ಏಸಿ ಆರಿದೆಯೇ ಎಂದು ಕೈಯಿಟ್ಟು ನೋಡಿದೆ, ಹಿಂದಿನ ಸಲದ ಗೇರಿನಲ್ಲೇ ಓಡಿಸಿ ಎಂದೆ. ಎಂಜಿನಿಯರು ಒಂದೊಂದಕ್ಕೂ ತಲೆಯಾಡಿಸಿ ಹಾಗೇ ಮಾಡಿದರು. ಕಾರು ನಿಂತಲ್ಲೇ ಕೂಗಿತು. ಎದೆಯ ಮೂಳೆ ನಡುಗುವಷ್ಟು ಸದ್ದು. ಎಪ್ಪತ್ತೇಳು.

"ನೋಡ್ದೇನು," ಅಂದ ಮೈದುನ.

"ತಡಿ. ಆ ಕರಿ ಡಬ್ಬಿ ತಗಸು. ಒಳಗ ನನ್ನ ಹೊಲಿಗಿ ಐತಿ."

ಅವನಿಗೆ ಅರ್ಥವಾಗಲಿಲ್ಲ. ಎಂಜಿನಿಯರು ಕ್ಲಿಪ್ ಎಳೆದು ಬಟ್ಟೆಯನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದರು. ನೀಲಿ ಅಂಚು ಫ್ಯಾನಿನ ಗಾಳಿಗೆ ಪಟಪಟ ಅಂದಿತು. ಎಲ್ಲರೆದುರು ಹೇಳಿದೆ: ಹೊಲಿದದ್ದು ನಾನು, ಹಾಕಲು ಹೇಳಿದ್ದು ನಾನು, ತೆಗೆಯಲು ಹೇಳದೆ ಮರೆತದ್ದೂ ನಾನು. ಕ್ಲಿಪ್ಪು ಹೊಳೆಯುತ್ತಿದ್ದದ್ದು ಯಾಕೆಂಬುದನ್ನೂ ಹೇಳಿದೆ. ಎಂಜಿನ್ ಆರುವುದಕ್ಕೆ ಬಿಟ್ಟು, ಅದೇ ಗೇರಿನಲ್ಲಿ ಮತ್ತೆ ಓಡಿಸಿದರು. ಎಂಬತ್ತೇಳು. ಪರದೆಯ ಮೇಲೆ ಎರಡು ಗೆರೆಗಳು ಕೆಳಗೆ ಒಂದರ ಮೇಲೊಂದು ಕೂತು, ಮೇಲೆ ಹೋದ ಹಾಗೆ ಅಗಲಿದವು.

ಹನ್ನೊಂದರಲ್ಲಿ ಹತ್ತು ಸಿಕ್ಕವು. ಇನ್ನೊಂದು ಕುದುರೆ ಎಲ್ಲಿ ಎಂದು ಎಂಜಿನಿಯರನ್ನು ಕೇಳಿದೆ. ಅಷ್ಟು ಈ ಯಂತ್ರಕ್ಕೇ ಗೊತ್ತಾಗುವುದಿಲ್ಲ ಮೇಡಂ ಗಾರೂ, ಪಟ್ಟಿ ಬಿಗಿದದ್ದರಲ್ಲೇ ಅಷ್ಟು ಹೋಗುತ್ತದೆ ಎಂದರು. ನನಗೆ ಪೂರ್ತಿ ನಂಬಿಕೆ ಬಂದಿಲ್ಲ, ಆದರೂ ಬಿಟ್ಟೆ. ಬಲ ಹೆಚ್ಚಿಸಿಕೊಡಬೇಕೇ ಎಂದು ಅವರು ಕೇಳಿದ್ದಕ್ಕೆ ಮೈದುನ ಬೇಡ ಎಂದು ಕೈಯಾಡಿಸಿದ.

ವಾಪಸು ಬರುವಾಗ ಅವನೇ ಓಡಿಸಿದ, ಎಮ್ಮಿಗನೂರು ದಾಟಿದೆವು. ಆಮೇಲೆ, ರಸ್ತೆಯ ಮೇಲಿಂದ ಕಣ್ಣು ತೆಗೆಯದೆ, "ಅತ್ತಿಗಿ, ನಾ ಎಲ್ಲಾರ ಮುಂದ ಅಂದು ಬಿಟ್ಟೀನಲ್ಲ," ಅಂದ.

"ಎಲ್ಲಾರ ಮುಂದನ ಹೋಗಿ ನಿನ್ ಗಾಡಿ ಬಿಡು."

ಬಿಟ್ಟ. ಮಾರನೆಯ ಬೆಳಿಗ್ಗೆ ಹರಾಜಿಗೆ ವ್ಯಾಪಾರಿಗಳು ಸೇರುವ ಹೊತ್ತಿಗೆ ಸರಿಯಾಗಿ, ಎರಡೂ ಹಾಳೆಗಳನ್ನು ಯಾರ್ಡಿನಲ್ಲಿ ತೋರಿಸಿ, ಅತ್ತಿಗೆಯ ಬಟ್ಟೆಯ ಕತೆ ಹೇಳಿ, ಎಲ್ಲರೂ ನೋಡುತ್ತಿದ್ದ ಹಾಗೆ ತನ್ನ ಗಾಡಿಯನ್ನು ಎದುರಿನ ರಸ್ತೆಯ ಶೆಡ್ಡಿಗೆ ತಿರುಗಿಸಿದನಂತೆ. ತಪ್ಪಾಯಿತು ಎಂದನೋ ಇಲ್ಲವೋ ನಾನು ಕೇಳಲಿಲ್ಲ. ಅಮಾವಾಸ್ಯೆಯ ದಿನ ಯಾರನ್ನೂ ಕೂಡಿಸಲಿಲ್ಲ. ನನಗೆ ಮಾತ್ರ ಬೀದಿಯಲ್ಲಿ ಬಹಳ ದಿನ, ಅಕ್ಕಾ, ನಮ್ಮ ಟ್ರ್ಯಾಕ್ಟರಿಗೂ ಒಂದು ಲಂಗ ಹೊಲಿದು ಕೊಡ್ರಿ ಎಂಬ ಮಾತು ತಪ್ಪಲಿಲ್ಲ.

ಬಟ್ಟೆಯನ್ನು ಮೇಸ್ತ್ರಿಗೆ ವಾಪಸು ಕಳಿಸಿದ್ದೆ, ಅವರೇ ಕೇಳಿದ್ದರು. ತಿಂಗಳಾದ ಮೇಲೆ ಸರ್ವಿಸಿಗೆಂದು ನಾನೇ ಹೋದೆ. ಬಾನೆಟ್ ಎತ್ತಿದಾಗ ನನ್ನ ಕಣ್ಣು ಮೊದಲು ಹೋದದ್ದು ಕ್ಲಿಪ್ಪುಗಳ ಕಡೆಗೇ, ಅಭ್ಯಾಸ. ಧೂಳು ಕೂತಿತ್ತು. ಮೇಸ್ತ್ರಿ ಕುರ್ಚಿ ಒರೆಸಿ ಹಾಕಿದರು. ಮೂಲೆಯ ಮಡಕೆಯ ಬಾಯಿಗೆ ನೀಲಿ ಅಂಚಿನ ಬಿಳಿ ಬಟ್ಟೆ ಕಟ್ಟಿತ್ತು. ಅದರ ಮೇಲೆ ಎಲ್ಲಿಂದಲೋ ಬಂದ ನಾಲ್ಕು ಹತ್ತಿಯ ಎಳೆ. ಅವರು ಬಟ್ಟೆ ಸರಿಸಿ ಲೋಟ ಅದ್ದಿದರು, ಆಮೇಲೆ ನೆನಪಾದವರಂತೆ ತಡೆದು ನನ್ನ ಕೈ ಕಡೆ ನೋಡಿದರು.

ಬಾಟಲಿಯನ್ನು ಕಾರಿನಲ್ಲೇ ಬಿಟ್ಟು ಬಂದಿದ್ದೆ. ಲೋಟಕ್ಕೆ ಕೈ ಚಾಚಿದೆ. ನೀರು ತಣ್ಣಗಿತ್ತು.